ಹಾಡಿನ ಓಲೆ: ವಾರಕ್ಕೊಂದು ಹಾಡು, ಜೊತೆಗೆ ಮನೆಯ ಸುದ್ದಿ ಕಳಿಸುವುದು ಹೇಗೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಕಾಲಕ್ಕೆ ದಿನಕ್ಕೆ ಏಳೆಂಟು ಹಾಡಿನ ಲಿಂಕ್ ಬಂದು ಬೀಳುತ್ತಿದ್ದವು. ಯಾರೂ ತೆರೆಯುತ್ತಿರಲಿಲ್ಲ. ಹಾಡು ಚೆನ್ನಾಗಿಲ್ಲ ಅಂತಲ್ಲ. ಯಾಕೆ ಕಳಿಸಿದರು, ಯಾರಿಗಾಗಿ ಕಳಿಸಿದರು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಸುದ್ದಿಯ ಕಥೆಯೂ ಅಷ್ಟೇ. ನ್ಯೂಜೆರ್ಸಿಯಲ್ಲಿರುವ ತಂಗಿ "ಹೇಗಿದೀರಾ?" ಅಂತ ಕೇಳುತ್ತಿದ್ದಳು. "ಎಲ್ಲಾ ಆರಾಮ, ನೀವು?" ಅನ್ನುತ್ತಿದ್ದೆವು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲೇ ಕೂತು ಐದು ನಿಮಿಷ ಮಾತಾಡಿ ಕಳಿಸಿದೆ. ಗೇಟಿನ ಪಕ್ಕದ ಸಂಪಿಗೆ ಗಿಡ ಮೊದಲ ಹೂ ಬಿಟ್ಟಿತ್ತು. ಅದನ್ನು ಕೀಳಲು ಅತ್ತೆ ಯಾರಿಗೂ ಬಿಟ್ಟಿರಲಿಲ್ಲ. ಗಿಡದ ಹತ್ತಿರ ನಿಂತು ಅವರು ಬಿ.ಕೆ. ಸುಮಿತ್ರಾ ಹಾಡಿದ ಒಂದು ಭಾವಗೀತೆ ಗುನುಗುತ್ತಿದ್ದರು. ಅಷ್ಟು ಹೇಳಿ, ಕೊನೆಗೆ ಆ ಹಾಡಿನ ಲಿಂಕ್ ಹಾಕಿದೆ. ರಾತ್ರಿ ತಂಗಿಯ ಉತ್ತರ ಬಂತು: "ಅಕ್ಕಾ, ಕುಕ್ಕರ್ ಕೂಗಿದ್ದೂ ಕೇಳಿಸ್ತು. ಹಾಡು ಎರಡು ಸಲ ಕೇಳಿದೆ."

ಅವತ್ತಿನಿಂದ ಇದನ್ನು ಬಿಟ್ಟಿಲ್ಲ. ನಾವು ಇದಕ್ಕೆ ಹಾಡಿನ ಓಲೆ ಅಂತೀವಿ. ಐದಾರು ನಿಮಿಷದ ಮಾತು, ಅದರ ಬಾಲಕ್ಕೆ ಒಂದೇ ಒಂದು ಹಾಡು. ಸುದ್ದಿ ಇದ್ದರೆ ಹಾಡಿಗೆ ಒಂದು ಕಾರಣ ಸಿಗುತ್ತದೆ. ಹಾಡು ಇದ್ದರೆ ಸುದ್ದಿ ನೆನಪಲ್ಲಿ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆ ಕಳಿಸಿದರೆ ಎರಡೂ ಸೋರಿ ಹೋಗುತ್ತವೆ. ನಾನು ಮಾಡಿ ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

1. ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ

ನಲವತ್ತು ಜನರ ಗುಂಪಿಗೆ ಓಲೆ ಬರೆಯಲು ಆಗುವುದಿಲ್ಲ. ಐದು ಜನ, ಹೆಚ್ಚೆಂದರೆ ಎಂಟು. ನನ್ನ ಗುಂಪಿನಲ್ಲಿ ಆರು ಜನ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಊರಿನಲ್ಲಿರುವ ಅಮ್ಮ, ನ್ಯೂಜೆರ್ಸಿಯ ತಂಗಿ, ದುಬೈಯಲ್ಲಿರುವ ತಮ್ಮ, ಸಿಂಗಪುರದ ಚಿಕ್ಕಮ್ಮನ ಮಗಳು, ಕಾಲೇಜಿನ ಇಬ್ಬರು ಗೆಳತಿಯರು.

ವಾಟ್ಸಾಪ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಗುಂಪು ಮಾಡಿದರೆ ಒಬ್ಬರ ಉತ್ತರ ಎಲ್ಲರಿಗೂ ಕೇಳಿಸುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಪ್ರತಿಯೊಬ್ಬರಿಗೂ ಖಾಸಗಿ ಸಂದೇಶದಂತೆ ಹೋಗುತ್ತದೆ, ಉತ್ತರವೂ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುವುದು, ಇದು ನೆನಪಿರಲಿ. ಅಣ್ಣತಮ್ಮ ಅಕ್ಕತಂಗಿಯರಾದರೆ ಗುಂಪೇ ಚೆನ್ನ. ಒಬ್ಬರನ್ನೊಬ್ಬರು ಅರಿಯದ ಗೆಳೆಯರಾದರೆ ಬ್ರಾಡ್‌ಕಾಸ್ಟ್ ವಾಸಿ, ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಗುಂಪಿಗೆ ಒಂದೇ ಕಟ್ಟಳೆ ಇಟ್ಟುಕೊಳ್ಳಿ. ಇಲ್ಲಿ ಫಾರ್ವರ್ಡ್ ಇಲ್ಲ, ಗುಡ್ ಮಾರ್ನಿಂಗ್ ಚಿತ್ರ ಇಲ್ಲ. ಮೊದಲ ದಿನವೇ ಪ್ರೀತಿಯಿಂದ ಹೇಳಿಬಿಡಿ, ಆಮೇಲೆ ಹೇಳುವುದು ಕಷ್ಟ.

2. ವಾರಪೂರ್ತಿ ಸುದ್ದಿ ಕೂಡಿಡಿ

ಓಲೆ ಹದವಾಗುವುದೂ ಹಾಳಾಗುವುದೂ ಇಲ್ಲೇ. ಭಾನುವಾರ ಕೂತು "ಈ ವಾರ ಏನಾಯ್ತು?" ಅಂತ ಯೋಚಿಸಿದರೆ "ಏನೂ ಆಗಿಲ್ಲ" ಅನ್ನಿಸುತ್ತದೆ. ನಿಜವಾಗಿ ನೋಡಿದರೆ ಎಷ್ಟೋ ಆಗಿರುತ್ತದೆ, ನಾವು ಮರೆತಿರುತ್ತೇವೆ.

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಪಕ್ಕದಲ್ಲೇ ಪೆನ್ಸಿಲ್ ನೇತುಹಾಕಿ. ಫೋನಿನಲ್ಲಿ ಬರೆದುಕೊಳ್ಳಬಹುದು, ಆದರೆ ಚೀಟಿಗೆ ಮನೆಯವರೂ ಬರೆಯುತ್ತಾರೆ. ನನ್ನ ಮಗ ಒಮ್ಮೆ "ಹಲ್ಲಿ ಬಾಲ ಬಿಟ್ಟು ಹೋಯಿತು" ಅಂತ ಬರೆದಿದ್ದ. ಆ ವಾರ ಎಲ್ಲಕ್ಕಿಂತ ಜಾಸ್ತಿ ಉತ್ತರ ಬಂದದ್ದು ಆ ಹಲ್ಲಿಗೇ.

ಸಾಲು ಚಿಕ್ಕದಿರಲಿ, ಆದರೆ ಅದರಲ್ಲಿ ಒಂದು ವಸ್ತು ಇರಲೇಬೇಕು. "ಮಳೆ ಜಾಸ್ತಿ" ಅಂತ ಬರೆದರೆ ಭಾನುವಾರಕ್ಕೆ ಕೈಗೆ ಏನೂ ಸಿಗುವುದಿಲ್ಲ. "ಬುಧವಾರ: ಹೆಂಚು ಸರಿದು ದೇವರ ಕೋಣೆಗೆ ನೀರು, ಮಜ್ಜಿಗೆ ಪಾತ್ರೆ ಇಟ್ಟು ಹಿಡಿದೆವು" ಅಂತ ಬರೆದರೆ ಎರಡು ನಿಮಿಷದ ಮಾತು ತಾನಾಗಿ ಹೊರಡುತ್ತದೆ. ಏನು ಬೇಯಿತು, ಏನು ಒಡೆಯಿತು, ಯಾರು ಬಂದರು, ಯಾವ ಗಿಡ ಚಿಗುರಿತು, ಯಾವ ಅಂಗಡಿ ಮುಚ್ಚಿತು. ದೂರ ಇರುವವರಿಗೆ ಬೇಕಾದದ್ದು ಇವೇ. ಮದುವೆ, ಮುಂಜಿ, ಮನೆ ಖರೀದಿಯಂಥ ದೊಡ್ಡ ಸುದ್ದಿ ಹೇಗೂ ತಲುಪುತ್ತದೆ. ಹಿತ್ತಲ ಬಸಳೆ ಚಪ್ಪರ ಬಿದ್ದದ್ದನ್ನು ನೀವು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಜ್ಜನ ಕಾಗದಗಳಲ್ಲಿ "ಉಭಯ ಕುಶಲೋಪರಿ ಸಾಂಪ್ರತ" ಅನ್ನುವ ಒಂದು ಸಾಲು ಮುಗಿದ ಕೂಡಲೇ "ಗೌರಿ ಹಸು ಕರು ಹಾಕಿದೆ, ಹೆಣ್ಣು" ಅಂತ ಇರುತ್ತಿತ್ತು. ನೀಲಿ ಇನ್‌ಲ್ಯಾಂಡ್ ಕಾಗದದಲ್ಲಿ ಜಾಗ ಕಡಿಮೆ. ಹಾಗಾಗಿ ಪೀಠಿಕೆ ಒಂದೇ ಸಾಲು, ಉಳಿದದ್ದೆಲ್ಲ ಸುದ್ದಿ.

3. ಹಾಡು ಆರಿಸುವುದು

ಹಾಡು ಸುದ್ದಿಯ ಒಳಗಿಂದ ಬರಬೇಕು. ಸಂಪಿಗೆಯ ಸುದ್ದಿ ಹೇಳಿ ಸಂಪಿಗೆಯ ಹಾಡನ್ನೇ ಹುಡುಕಬೇಕೆಂದಿಲ್ಲ, ಅದು ಸ್ವಲ್ಪ ಬಲವಂತ ಅನ್ನಿಸುತ್ತದೆ. ಆ ವಾರ ಮನೆಯಲ್ಲಿ ಯಾರ ಬಾಯಲ್ಲಿ ಯಾವ ಹಾಡಿತ್ತು? ಬಸ್ಸಿನಲ್ಲಿ, ಮದುವೆ ಮನೆಯ ಮೈಕಿನಲ್ಲಿ ಏನು ಕೇಳಿದಿರಿ? ಯಾವ ಕೆಲಸ ಮಾಡುವಾಗ ಯಾವ ಹಾಡು ನೆನಪಾಯಿತು? ಇಲ್ಲಿಂದ ಸಿಕ್ಕಿದ ಹಾಡು ಸುದ್ದಿಗೆ ಸುಮ್ನೆ ಅಂಟಿಕೊಳ್ಳುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಅಂಗಳದ ಚಪ್ಪರದಡಿ ಅಡಿಕೆ ಸುಲಿಯಲು ಕೂತಿದ್ದರು. ಸಾಲಾಗಿ ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯುವ ಕತ್ತಿ. ಸಿಪ್ಪೆ ಬಿಡಿಸಿದಾಗ ಚಟ್ ಅನ್ನುವ ಸದ್ದು, ಕಾಯಿ ಬುಟ್ಟಿಗೆ ಬಿದ್ದ ಸದ್ದು, ಮತ್ತೆ ಚಟ್. ಹಂಡೆಯಲ್ಲಿ ಕುದಿಯುತ್ತಿದ್ದ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ವಾಸನೆ. ನಾವು ಚಿಕ್ಕವರಿದ್ದಾಗ ಇದೇ ಚಪ್ಪರದ ಕಂಬಕ್ಕೆ ರೇಡಿಯೋ ನೇತುಹಾಕಿ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದೆವು. ಆ ಹೊತ್ತಿಗೆ ಬರುತ್ತಿದ್ದ ಪಿ.ಬಿ. ಶ್ರೀನಿವಾಸರ ಒಂದು ಹಾಡು ನೆನಪಾಯಿತು. ಸುಲಿಯುವ ಸದ್ದನ್ನು ಇಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿ, ಆಮೇಲೆ ಮಾತಾಡಿ, ಆ ಹಾಡು ಕಳಿಸಿದೆ. ತಮ್ಮ ದುಬೈಯಲ್ಲಿ ಕಾರು ಪಕ್ಕಕ್ಕೆ ನಿಲ್ಲಿಸಿ ಕೇಳಿದನಂತೆ.

ಹಾಡಿನ ಬಗ್ಗೆ ಒಂದೇ ಒಂದು ವಿಷಯ ಹೇಳಿ. ಎರಡನೆಯದು ಬೇಡ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹಾಡು ಕಳಿಸಿದ ವಾರ ನಾನು ಹೇಳಿದ್ದು ಇಷ್ಟು: ಚಿಕ್ಕ ವಯಸ್ಸಿನಲ್ಲಿ ಅವರ ದನಿ ತೆಳುವಾಗಿತ್ತು, ಗಂಟಲಿನ ಚಿಕಿತ್ಸೆಯ ನಂತರ ಅದು ಈಗ ನಾವು ಬಲ್ಲ ಆ ಗಂಭೀರ ದನಿಯಾಯಿತು. ಗಾಂಧಾರಿ ಅನ್ನುವ ಹೆಸರಿನಲ್ಲಿ ಬಂದ ಅವರ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳಿದರೆ ಇದು ಗೊತ್ತಾಗುತ್ತದೆ. ಆ ವಾರದ ಸುದ್ದಿ ಮಗನ ದನಿ ಒಡೆಯುತ್ತಿದ್ದದ್ದು. ಶಾಲೆಯ ಪ್ರಾರ್ಥನೆಯಲ್ಲಿ ಹಾಡಲು ಅವನು ನಾಚಿಕೊಳ್ಳುತ್ತಿದ್ದ. ಎರಡೂ ಹೇಗೆ ಕೂಡಿಕೊಂಡವು ಅಂತ ಬಿಡಿಸಿ ಹೇಳಲಿಲ್ಲ, ಕೇಳಿದವರಿಗೆ ಅರ್ಥವಾಯಿತು.

ಉದ್ದದ ಬಗ್ಗೆ ಒಂದು ಮಾತು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತಿತ್ತು. ಚಿತ್ರಗೀತೆ, ಭಾವಗೀತೆ ನಾಲ್ಕೈದು ನಿಮಿಷ. ಇಷ್ಟಾದರೆ ಎಲ್ಲರೂ ಪೂರ್ತಿ ಕೇಳುತ್ತಾರೆ. ಮಲ್ಲಿಕಾರ್ಜುನ ಮನಸೂರರ ಒಂದು ರಾಗವನ್ನೋ, ಯಕ್ಷಗಾನದ ಒಂದು ಪ್ರಸಂಗವನ್ನೋ ಕಳಿಸುವಾಗ "ಆರನೇ ನಿಮಿಷದಿಂದ ಎಂಟನೇ ನಿಮಿಷದವರೆಗೆ ಕೇಳಿ, ಇಷ್ಟವಾದರೆ ಮುಂದೆ ಕೇಳಿ" ಅಂತ ಹೇಳಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್‌ನ ಹಂಚುವ ಗುಂಡಿ ಒತ್ತಿದರೆ ಎಲ್ಲಿಂದ ಶುರುವಾಗಬೇಕು ಅಂತ ಗುರುತು ಹಾಕುವ ಜಾಗವಿದೆ. ಅದನ್ನು ಬಳಸಿದರೆ ಲಿಂಕ್ ಸೀದಾ ಅಲ್ಲಿಗೇ ತೆರೆದುಕೊಳ್ಳುತ್ತದೆ.

ಮೂರು ಹಾಡು ಕಳಿಸುವ ಆಸೆ ಬರುತ್ತದೆ. ಬೇಡ. ಉಳಿದೆರಡು ಮುಂದಿನ ವಾರಗಳಿಗೆ ಇರಲಿ.

4. ಮಾತಿನ ದಾರಿ

ಬರೆದಿಟ್ಟುಕೊಂಡು ಓದಬೇಡಿ. ಓದಿದರೆ ದನಿ ವಾರ್ತೆಯಂತೆ ಆಗುತ್ತದೆ. ಚೀಟಿ ಎದುರಿಗಿಟ್ಟುಕೊಂಡು, ಎದುರಿಗೆ ಒಬ್ಬರೇ ಕೂತಿದ್ದಾರೆ ಅಂದುಕೊಂಡು ಮಾತಾಡಿ. ನಾನು ಪ್ರತಿ ವಾರ ಗುಂಪಿನ ಒಬ್ಬರ ಮುಖ ನೆನೆದುಕೊಂಡು ಮಾತಾಡುತ್ತೇನೆ.

ಮೊದಲು ದಿನ, ಹೊತ್ತು, ಎಲ್ಲಿ ಕೂತಿದ್ದೀರಿ ಅಂತ ಹೇಳಿ. "ಭಾನುವಾರ ಬೆಳಿಗ್ಗೆ ಆರೂವರೆ, ಹಿಂದಿನ ಜಗಲಿ, ಇನ್ನೂ ಮಂಜು ಇದೆ." ಹತ್ತು ಸೆಕೆಂಡಿನಲ್ಲಿ ಕೇಳುವವರು ನಿಮ್ಮ ಪಕ್ಕ ಬಂದು ಕೂರುತ್ತಾರೆ. ಆಮೇಲೆ ಎರಡು ಸುದ್ದಿ, ಮೂರಾದರೆ ಮೂರು. ಹಾಡಿಗೆ ಸೇರುವ ಸುದ್ದಿ ಕೊನೆಗಿರಲಿ. ಹಾಡಿನ ಹೆಸರು ಹೇಳಿ. ಮುಗಿಸುವ ಮುನ್ನ ಒಂದು ಸಣ್ಣ ಪ್ರಶ್ನೆ ಕೇಳಿ. "ನಿಮ್ಮ ಕಡೆ ಹೇಗಿದೆ?" ಅಂದರೆ ಉತ್ತರ ಬರುವುದಿಲ್ಲ. "ನಿಮ್ಮ ಕಿಟಕಿಯಿಂದ ಈಗ ಏನು ಕಾಣಿಸ್ತಿದೆ?" ಅಂತ ಕೇಳಿದಾಗ ತಂಗಿ ಹಿಮ ಬಾಚುತ್ತಿದ್ದ ಪಕ್ಕದ ಮನೆಯವರ ಬಗ್ಗೆ ನಾಲ್ಕು ನಿಮಿಷ ಮಾತಾಡಿದಳು.

ಕೇಳುವವರ ಹೆಸರು ಹಿಡಿದು ಮಾತಾಡುವುದು ರೇಡಿಯೋದಿಂದ ಕಲಿತದ್ದು. ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗಿಂತ ಮೊದಲು ಕೋರಿದವರ ಹೆಸರು, ಊರು ಓದುತ್ತಿದ್ದರು ಅಲ್ವಾ? ಹೆಸರು ಬಂದ ಮನೆಯಲ್ಲಿ ಆ ಹಾಡು ತಮ್ಮದೇ ಆಗಿಬಿಡುತ್ತಿತ್ತು. ಅಂದ ಹಾಗೆ, ಆಕಾಶವಾಣಿ ಅನ್ನುವ ಹೆಸರಿನ ಬಾನುಲಿ ಮೈಸೂರಿನಲ್ಲಿ ಶುರುವಾದದ್ದು ಒಂದು ಮನೆಯಿಂದಲೇ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದರು. ಅಡುಗೆಮನೆಯಲ್ಲಿ ಕೂತು ಫೋನಿಗೆ ಮಾತಾಡುವಾಗ ಇದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

5. ರೆಕಾರ್ಡ್ ಮಾಡುವುದು

ವಾಟ್ಸಾಪ್‌ನ ಮೈಕ್ ಗುಂಡಿ ಒತ್ತಿ ಮೇಲಕ್ಕೆ ಸರಿಸಿದರೆ ಅದು ಲಾಕ್ ಆಗುತ್ತದೆ, ಬೆರಳು ಹಿಡಿದುಕೊಂಡೇ ಇರಬೇಕಾಗಿಲ್ಲ. ಶುರುವಿಗೆ ಇಷ್ಟೇ ಸಾಕು. ಆಮೇಲಾಮೇಲೆ ಫೋನಿನ ರೆಕಾರ್ಡರ್ ಆ್ಯಪ್ ಬಳಸಿ. ನಡುವೆ ಕರೆ ಬಂದರೆ, ಬಾಗಿಲು ಬಡಿದರೆ ಮತ್ತೆ ಮುಂದುವರಿಸಬಹುದು, ಫೈಲೂ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಫೋನು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ನೇರ ಹಿಡಿದರೆ ಪ, ಬ, ಫ ಅಕ್ಷರಗಳಲ್ಲಿ ಉಸಿರು ಮೈಕಿಗೆ ಬಡಿದು ಡಬ್ ಅನ್ನುತ್ತದೆ. ಫ್ಯಾನ್ ಆರಿಸಿ. ಏರೋಪ್ಲೇನ್ ಮೋಡ್ ಹಾಕಿ. ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಹೊಡೆದು ಮರಳುತ್ತದೆ. ಹಾಸಿಗೆ, ದಿಂಬು, ಬಟ್ಟೆ ಇರುವ ಕೋಣೆಯಲ್ಲಿ ಅವು ಅದನ್ನು ಹೀರಿಕೊಂಡು ಮಾತು ತಿಳಿಯಾಗಿ ಕೇಳುತ್ತದೆ. ಜುಲೈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಮಾತ್ರ ಕೂರಬೇಡಿ, ಒಂದು ಮಾತೂ ಕೇಳುವುದಿಲ್ಲ.

ಹಾಗಂತ ಮನೆಯ ಸದ್ದನ್ನೆಲ್ಲ ಅಟ್ಟಿಬಿಡಬೇಡಿ. ಕುಕ್ಕರ್, ಕಾಗೆ, ಗೇಟಿನ ಕಿರ್ರ್, ದೂರದ ಬಸ್ಸಿನ ಹಾರ್ನ್ ಎಲ್ಲ ಇರಲಿ. ತಪ್ಪಿ ಆಡಿದ ಮಾತು, ನಡುವೆ ಕೆಮ್ಮು, "ಏನೋ ಹೇಳಬೇಕಿತ್ತು, ಇರಿ" ಅನ್ನುವುದೂ ಇರಲಿ. ನಾನು ಮೊದಲ ಎರಡು ತಿಂಗಳು ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಧ್ವನಿ ಕತ್ತರಿಸುವ ತಂತ್ರಾಂಶ ಹಾಕಿ ಪ್ರತಿಯೊಂದು ತಡವರಿಕೆಯನ್ನೂ ಕತ್ತರಿಸುತ್ತಿದ್ದೆ. ಗೆಳತಿ ಕೇಳಿದಳು, "ನಿನಗೆ ಹುಷಾರಿಲ್ವಾ? ಯಾಕೆ ಹೀಗೆ ಮಾತಾಡ್ತಿದೀಯ?" ಅಲ್ಲಿಗೆ ಬಿಟ್ಟೆ. ಈಗ ಮೊದಲಿನ ಮತ್ತು ಕೊನೆಯ ಖಾಲಿ ಸೆಕೆಂಡುಗಳನ್ನು ಕತ್ತರಿಸುತ್ತೇನೆ, ಅಷ್ಟೇ.

ಫೈಲ್ ದೊಡ್ಡದಾಗುತ್ತದೆ ಅನ್ನುವ ಭಯ ಬೇಡ. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಒಂದು ನಿಮಿಷಕ್ಕೆ ಸುಮಾರು 1 ಎಂಬಿ. ಆರು ನಿಮಿಷದ ಓಲೆ ಒಂದೆರಡು ಫೋಟೋದಷ್ಟು.

6. ಹಾಡನ್ನು ಹೇಗೆ ಸೇರಿಸಬೇಕು?

ಹಿನ್ನೆಲೆಯಲ್ಲಿ ಸ್ಪೀಕರ್ ಹಚ್ಚಿ ಹಾಡನ್ನು ವಾಯ್ಸ್ ಮೆಸೇಜಿನಲ್ಲೇ ಹಿಡಿಯಬೇಡಿ. ವಾಯ್ಸ್ ಮೆಸೇಜ್ ಮಾತಿಗೆಂದೇ ಹಿಂಡಿ ಚಿಕ್ಕದು ಮಾಡಿದ ಧ್ವನಿ. ತಬಲದ ಎಡಗೈ ಬಾಯಾ, ಪಿಟೀಲಿನ ಮೇಲಿನ ಎಳೆ ಎಲ್ಲ ಮಾಸಿ ಹೋಗುತ್ತವೆ. ಲಿಂಕ್ ಕಳಿಸಿ. ಯೂಟ್ಯೂಬ್ ಎಲ್ಲರ ಫೋನಿನಲ್ಲೂ ತೆರೆಯುತ್ತದೆ. ಹಣ ಕೊಟ್ಟು ಹಾಡು ಕೇಳುವ ಆ್ಯಪಿನ ಲಿಂಕ್ ಅದನ್ನು ಹಾಕಿಕೊಳ್ಳದವರಿಗೆ ತೊಡಕು.

ಸಾಧ್ಯವಾದರೆ ಹಾಡಿನ ಕಂಪನಿಯದೇ ಚಾನೆಲ್ಲಿನ ಲಿಂಕ್ ಆರಿಸಿ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ವರ್ಷ ಕಳೆದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ, ಸ್ವರ ಸಂಯೋಜನೆಯ ಹಕ್ಕು ಮಾಡಿದವರ ಜೀವಮಾನ ಮತ್ತು ಅವರ ನಂತರ 60 ವರ್ಷ. ಎಲ್ಲಿಂದಲೋ ಇಳಿಸಿದ ಎಂಪಿ3 ಹಂಚುವುದಕ್ಕಿಂತ ಇದು ನ್ಯಾಯ. ಕಳಿಸುವ ಮೊದಲು ಹಾಡನ್ನು ಪೂರ್ತಿ ಕೇಳಿ. ಅರ್ಧಕ್ಕೇ ನಿಂತ, ವೇಗ ಬದಲಾಯಿಸಿದ ಅಪ್‌ಲೋಡ್‌ಗಳು ಬೇಕಾದಷ್ಟಿವೆ. ಕೆಲವು ವಿಡಿಯೋ ಕೆಲವು ದೇಶಗಳಲ್ಲಿ ತೆರೆಯುವುದಿಲ್ಲ, ಅದಕ್ಕೇ ಇನ್ನೊಂದು ಲಿಂಕ್ ಕೈಯಲ್ಲಿರಲಿ.

ಲಿಂಕಿನ ಮೇಲೆ ಎರಡು ಸಾಲು ಕನ್ನಡದಲ್ಲಿ ಟೈಪ್ ಮಾಡಿ: ಹಾಡು, ಬರೆದವರು, ಸ್ವರ ಹಾಕಿದವರು, ಹಾಡಿದವರು. ಭಾವಗೀತೆಗೆ ಇದು ಬಹಳ ಮುಖ್ಯ. ಕವಿ ಒಬ್ಬರು, ಮೈಸೂರು ಅನಂತಸ್ವಾಮಿಯೋ ಸಿ. ಅಶ್ವಥರೋ ಸ್ವರ ಹಾಕಿರುತ್ತಾರೆ, ಹಾಡಿದವರು ಮತ್ತೊಬ್ಬರು. ಮೂವರ ಹೆಸರೂ ಇರಬೇಕು. ಎಷ್ಟೋ ಸಲ ಹಾಡಿದವರ ಹೆಸರು ಮಾತ್ರ ಉಳಿದು, ಬರೆದವರು ಯಾರಂತ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ನನಗೆ ಇದು ಬೇಸರದ ವಿಷಯ.

ನೀವೇ ಹಾಡಿದರೆ ಇನ್ನೂ ಒಳ್ಳೆಯದು. ಮನೆಯ ಹಿರಿಯರಿಗೆ ಗೊತ್ತಿರುವ ಹಸೆ ಹಾಡು, ಜೋಗುಳ, ಬೀಸುವಾಗಿನ ಹಾಡು ಯಾವ ಲಿಂಕಿನಲ್ಲೂ ಸಿಗದೇ ಇರಬಹುದು. ಅವರಿಗೆ ಹೇಳಿ, ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಓಲೆಯವರ ಹೊರತು ಬೇರೆಡೆ ಹಾಕಬೇಡಿ. ಇಂಥ ಹಾಡನ್ನು ವಾಟ್ಸಾಪ್‌ನಲ್ಲಿ "ಡಾಕ್ಯುಮೆಂಟ್" ಆಗಿ ಕಳಿಸಿದರೆ ಧ್ವನಿ ಇದ್ದ ಹಾಗೇ ತಲುಪುತ್ತದೆ.

7. ಕಳಿಸುವ ಹೊತ್ತು

ದಿನ, ಹೊತ್ತು ಬದಲಾಯಿಸಬೇಡಿ. ಕಾಯುವ ಅಭ್ಯಾಸವೇ ಅರ್ಧ ಖುಷಿ. ನಾನು ಭಾನುವಾರ ಬೆಳಿಗ್ಗೆ 7:30ಕ್ಕೆ ಕಳಿಸುತ್ತೇನೆ. ಆಗ ಸಿಂಗಪುರದಲ್ಲಿ ಬೆಳಿಗ್ಗೆ 10, ದುಬೈಯಲ್ಲಿ 6. ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ, ಬೇಸಿಗೆಯಲ್ಲಿ 10, ಚಳಿಗಾಲದಲ್ಲಿ 9. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ತಂಗಿಯ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಅವಳು ಪಾತ್ರೆ ತೊಳೆಯುತ್ತಾ ಕೇಳುತ್ತಾಳೆ.

ಕಷ್ಟದ ಸುದ್ದಿಯನ್ನು ಓಲೆಯಲ್ಲಿ ಮೊದಲ ಸಲ ಹೇಳಬೇಡಿ. ಯಾರಿಗೋ ಹುಷಾರಿಲ್ಲ, ಯಾರೋ ತೀರಿಕೊಂಡರು ಅಂದರೆ ಫೋನ್ ಮಾಡಿ ಹೇಳಿ. ಓಲೆ ಆಮೇಲೆ ಬರಲಿ. ಅಪ್ಪ ತೀರಿಕೊಂಡ ವರ್ಷ ಮೂರು ವಾರ ನಾನು ಮಾತಾಡಲಿಲ್ಲ, ಅವರಿಗೆ ಇಷ್ಟವಾದ ಹಾಡುಗಳನ್ನು ಒಂದೊಂದಾಗಿ ಕಳಿಸಿದೆ. ಎಲ್ಲರಿಗೂ ಅರ್ಥವಾಯಿತು.

8. ಉತ್ತರ ಮತ್ತು ಹಿರಿಯರು

ಕೇಳುವವರಿಗೆ ನನ್ನದು ಒಂದೇ ಕೋರಿಕೆ: ಎರಡು ಪಟ್ಟು ವೇಗದಲ್ಲಿ ಕೇಳಬೇಡಿ. ಉತ್ತರ ತಡವಾದರೂ ಪರವಾಗಿಲ್ಲ. ಹಾರ್ಟ್ ಚಿಹ್ನೆಗಿಂತ ಒಂದು ಸಾಲು ಮೇಲು.

ಅಮ್ಮನಿಗೆ ಲಿಂಕ್ ಒತ್ತುವುದು ಕಷ್ಟವಾಗುತ್ತಿತ್ತು. ಜಾಹೀರಾತು ಬಂದರೆ ಹಾಡು ಹೋಯಿತು ಅಂತ ಮುಚ್ಚಿಬಿಡುತ್ತಿದ್ದರು. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಕೊಡಿಸಿ, ಪಕ್ಕದ ಮನೆಯ ಹುಡುಗಿಗೆ ಭಾನುವಾರ ಹತ್ತು ನಿಮಿಷ ಬಂದು ಹಚ್ಚಿಕೊಡು ಅಂತ ಕೇಳಿಕೊಂಡೆ. ಈಗ ಆ ಹುಡುಗಿಯೂ ಅವಳ ಅಜ್ಜಿಯೂ ಕೂತು ಕೇಳುತ್ತಾರೆ. ಅಮ್ಮನ ಉತ್ತರ ರೆಕಾರ್ಡ್ ಮಾಡುವುದೂ ಅವಳೇ.

9. ಜೋಪಾನ ಮಾಡಿ

ಒಂದೂವರೆ ವರ್ಷದ ಓಲೆಗಳು ನನ್ನ ಹಳೆಯ ಫೋನಿನ ಜೊತೆ ಬಾವಿಗೆ ಬಿದ್ದವು. ನೀರು ಸೇದುವಾಗ ಜೇಬಿನಿಂದ ಜಾರಿತು. ಬ್ಯಾಕಪ್ ಇರಲಿಲ್ಲ. ತಂಗಿಯ ಫೋನಿನಲ್ಲಿ ಕೆಲವು ಸಿಕ್ಕವು, ಉಳಿದವು ಹೋದವು.

ಅದಕ್ಕೇ ಕಳಿಸಿದ ದಿನವೇ ಫೈಲನ್ನು ಎರಡು ಕಡೆ ಇಡಿ: ಫೋನಿನ ಹೊರಗೆ ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್, ಜೊತೆಗೆ ಗೂಗಲ್ ಡ್ರೈವ್. ಉಚಿತವಾಗಿ 15 ಜಿಬಿ ಜಾಗ ಕೊಡುತ್ತಾರೆ, ಫೋಟೋ ಮತ್ತು ಮೇಲ್ ಕೂಡ ಅದರಲ್ಲೇ ಸೇರುತ್ತವೆ. ಹೆಸರು ವರ್ಷದಿಂದ ಶುರುವಾಗಲಿ: "2025-03-09 ಮಜ್ಜಿಗೆ ಪಾತ್ರೆ". ಹೀಗಿಟ್ಟರೆ ದಿನಾಂಕದ ಸಾಲಿನಲ್ಲೇ ನಿಲ್ಲುತ್ತವೆ, ಸುದ್ದಿಯ ಹೆಸರು ನೋಡಿದರೆ ಹುಡುಕುವುದೂ ಸುಲಭ.

ಹಾಡುಗಳಿಗೆ ಯೂಟ್ಯೂಬ್‌ನಲ್ಲಿ ಒಂದು ಪ್ಲೇಲಿಸ್ಟ್ ಮಾಡಿ "ಅನ್‌ಲಿಸ್ಟೆಡ್" ಅಂತ ಇಡಿ. ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಬೇರೆಯವರೂ ಹಾಡು ಸೇರಿಸುವಂತೆ ಮಾಡಬಹುದು. ವರ್ಷಕ್ಕೊಮ್ಮೆ ನೋಡಿ, ಅಳಿಸಿಹೋದ ವಿಡಿಯೋ ಇದ್ದರೆ ಬದಲಾಯಿಸಿ.

ಬಂದ ಉತ್ತರಗಳನ್ನೂ ಹೀಗೇ ಎತ್ತಿಡಿ. ಹೋದ ನವೆಂಬರಿನಲ್ಲಿ ಅಮ್ಮ ಕಳಿಸಿದ್ದು ನಲವತ್ತೊಂಬತ್ತು ಸೆಕೆಂಡಿನ ಫೈಲ್. ಮೊದಲು ಚಟ್, ಚಟ್ ಅಂತ ಮೆಟ್ಟುಗತ್ತಿಯ ಸದ್ದು. "ಶುರುವಾಯ್ತಾ?" ಅಂತ ಹುಡುಗಿಯನ್ನು ಕೇಳುತ್ತಾರೆ. ಆಮೇಲೆ, "ಈ ಸಲ ಕಾಯಿ ಸಣ್ಣ. ನೀನು ಕಳಿಸಿದ ಹಾಡು ನಿಮ್ಮಪ್ಪ ತೋಟಕ್ಕೆ ಹೋಗುವಾಗ ಹೇಳ್ತಿದ್ರು, ಎರಡನೇ ಸಾಲು ಯಾವಾಗಲೂ ತಪ್ಪು ಹೇಳ್ತಿದ್ರು." ಆಮೇಲೆ ಅಪ್ಪ ತಪ್ಪು ಹೇಳುತ್ತಿದ್ದ ಹಾಗೆಯೇ ಆ ಸಾಲನ್ನು ಹಾಡುತ್ತಾರೆ.